ಕಾಣೆಯಾದ ಹಾರ್ಡ್ ಡಿಸ್ಕ್

ಮಾರ್ಚ್ ನಾಲ್ಕು, ಬೆಳಿಗ್ಗೆ 9.20. ಬತಾಂಗಸ್ ಊರಿನ ಪೊಲೀಸ್ ಠಾಣೆಗೆ ಶೋಕದ ಕಪ್ಪು ಬಟ್ಟೆ ತೊಟ್ಟ ಶಾಲಾ ಶಿಕ್ಷಕಿ ಲುಡಿವಿನಾ ಬಂದರು. ಬ್ಯಾಟರಿ ಊದಿ ಕೀಲಿಮಣೆ ಮೇಲೆದ್ದಿದ್ದ ಲ್ಯಾಪ್‌ಟಾಪನ್ನು ರಿಪೇರಿಗೆ ಕೊಟ್ಟಿದ್ದರು. ವಾಪಸ್ ಬಂದಾಗ ಹೊಸ ಬ್ಯಾಟರಿ ಇತ್ತು, ಹಳೆಯ ಡಿಸ್ಕಿನ ಜಾಗದಲ್ಲಿ ಬೇರೊಂದು ಖಾಲಿ ಡಿಸ್ಕ್ ಇತ್ತು.

"ನನ್ನ ಮಗ ಎಲ್ಮರ್‌ದು ಸಾರ್. ಬೈಕ್ ಅಪಘಾತದಲ್ಲಿ ಹೋದ. ಅವನ ವಿಡಿಯೋಗಳನ್ನ ಇನ್ನೂ ನೋಡಿಲ್ಲ. ವರ್ಷದ ಶೋಕ ಮುಗಿಸಿ ಈ ಕಪ್ಪು ಬಟ್ಟೆ ಬಿಡೋ ದಿನ ನೋಡೋಣ ಅಂತ ಇಟ್ಟಿದ್ದೆ."

"ಆ ದಿನ ಯಾವಾಗ?"

"ಬರೋ ಭಾನುವಾರ."

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಮಲಬಾನನ್ ಆಕೆಯನ್ನೂ ಕರೆದುಕೊಂಡು ಅಂಗಡಿಗೆ ಹೋದರು. ಮಾಲೀಕ ರೊಹೆಲಿಯೊ ಅರವತ್ತರ ಆಸುಪಾಸಿನವನು. ಗೋಡೆಯ ಮೇಲೆ ಬೋರ್ಡ್: 'ಮೊದಲು ಕಾಪಿ, ಆಮೇಲೆ ಓಪನ್. ಹಳೆ ಸಾಮಾನು ಗಿರಾಕಿಗೇ ವಾಪಸ್.'

"ಡಿಸ್ಕ್ ಎಲ್ಲಿ?"

"ಕೆಟ್ಟಿತ್ತು ಸಾರ್, ಎಸೆದೆ."

"ಊದಿದ ಬ್ಯಾಟರಿನೂ ಬೆಂಕಿ ಹತ್ತದ ಹಾಗೆ ಮರಳಿನ ಡಬ್ಬೀಲಿ ಹಾಕಿ ವಾಪಸ್ ಕೊಟ್ಟಿದ್ದೀಯ. ಡಿಸ್ಕ್ ಮಾತ್ರ ಎಸೆದ್ಯಾ?"

11.40ಕ್ಕೆ ಪಂಚನಾಮೆ ನಡೆಯಿತು. ಮೇಜಿನ ಡ್ರಾಯರ್‌ನಲ್ಲಿ ಡಿಸ್ಕ್ ಸಿಕ್ಕಿತು, ಅದರ ಮೇಲೊಂದು ಹುಡುಗಿಯ ಫೋಟೋ. ಲುಡಿವಿನಾ ಮುಖ ಕಪ್ಪಿಟ್ಟಿತು.

"ಇವಳೇ! ಬೈಕ್ ಹಿಂದೆ ಕೂತಿದ್ದೋಳು. ಇವಳನ್ನ ಸುತ್ತಾಡಿಸೋಕೆ ಹೋಗಿಯೇ ನನ್ನ ಮಗ ಸತ್ತಿದ್ದು."

"ನನ್ನ ಮಗಳು ಜೊವೆಲಿನ್. ಅವಳೂ ಉಳೀಲಿಲ್ಲವಲ್ಲಮ್ಮ," ಎಂದ ರೊಹೆಲಿಯೊ. "ಎಲ್ಮರ್ ಮುಖ ಕೊನೇ ಸಲ ನೋಡೋಕೆ ನಾನು ಬಂದಾಗ, ಹುಡುಗಿ ಅಪ್ಪ ಅಂತ ಕೇಳಿದ್ದೇ ತಡ, ನನ್ನ ಮುಖಾನೂ ನೋಡದೆ ನೀವು ಗೇಟ್ ಹಾಕ್ಕೊಂಡ್ರಿ."

"ಕಾಪಿ ಮಾಡ್ಕೊಂಡು ಕೊಡಬಹುದಿತ್ತಲ್ಲ?" ಎಂದರು ಮಲಬಾನನ್.

"ಡಿಸ್ಕ್ ಟಕಟಕ ಅಂತಿತ್ತು ಸಾರ್, ಕೆಡೋ ಹಂತದಲ್ಲಿತ್ತು. ಮೊದಲು ಕಾಪಿ ಮಾಡಬೇಕಿತ್ತು, ಊರಿಗೆಲ್ಲ ಬುದ್ಧಿ ಹೇಳೋನು ನಾನು. ಒಂದು ವಿಡಿಯೋ ಫೈಲಿಗೆ ಜೊವೆಲಿನ್ ಹೆಸರಿತ್ತು, ತಡ್ಕೊಳ್ಳೋಕಾಗಲಿಲ್ಲ. ಹಾಕಿದೆ. ಮಾತಾಡ್ತಿದ್ದಳು. ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಡಿಸ್ಕ್ ನಿಂತೇಹೋಯ್ತು, ಎಲ್ಲಾ ವಿಡಿಯೋನೂ ಹೋಯ್ತು. ಮತ್ತೆ ತಿರುಗಲೇ ಇಲ್ಲ. ಯಾವ ಮುಖ ಇಟ್ಕೊಂಡು ವಾಪಸ್ ಕೊಡ್ಲಿ?"

12.15ಕ್ಕೆ ದಸ್ತಗಿರಿಯಾಯಿತು. ಕಾನ್‌ಸ್ಟೆಬಲ್ ಅವನನ್ನು ಜೀಪಿನತ್ತ ನಡೆಸಿದಾಗ ಲುಡಿವಿನಾ ಅಡ್ಡ ಬಂದರು. ಕಪಾಳಕ್ಕೆ ಹೊಡೆಯುತ್ತಾರೆಂದೇ ಎಲ್ಲರೂ ಅಂದುಕೊಂಡರು.

"ಆ ವಿಡಿಯೋದಲ್ಲಿ ನನ್ನ ಮಗ ಮಾತಾಡಿದ್ನಾ?"

"ಮಾತಾಡಿದ. 'ನಿಮ್ಮಮ್ಮಂಗೆ ನಮ್ಮ ವಿಷಯ ಹೇಳಿದ್ಯಾ' ಅಂತ ನನ್ನ ಮಗಳು ಕೇಳಿದಳು. 'ನಾಳೆ ಹೇಳ್ತೀನಿ. ಮೊದಲು ಬೈತಾಳೆ, ಆಮೇಲೆ ನಿಂಗೇ ಮೊದಲು ಊಟ ಬಡಿಸ್ತಾಳೆ' ಅಂತ ನಕ್ಕ."

ಲುಡಿವಿನಾ ಜೀಪಿನ ಬಾಗಿಲು ಹಿಡಿದು ಬಿಕ್ಕಿದರು. ದಸ್ತಗಿರಿ ವರದಿಯ ಕಾರಣದ ಕಾಲಮಿನಲ್ಲಿ ಮಲಬಾನನ್ 'ಮಗಳ ದನಿ' ಎಂದಷ್ಟೇ ಬರೆದರು. ಡ್ರೈವರ್ ಗಾಡಿ ಶುರುಮಾಡಲು ಹೋದಾಗ ಇನ್ಸ್‌ಪೆಕ್ಟರ್ ಬೇಡವೆಂದು ಕೈ ಸನ್ನೆ ಮಾಡಿದರು.

"ಇನ್ನೊಂದ್ಸಲ ಹೇಳಿ," ಎಂದರು ಲುಡಿವಿನಾ. "ಅವನು ಹೇಗೆ ಹೇಳಿದ್ನೋ ಹಾಗೇ."