ಕನ್ನಡಕದವನ ಮೊದಲ ಸಮುದ್ರ

ಅವಳು ಬೋಟಿನ ತಳದ ನೀರನ್ನು ಸ್ಪಂಜಿನಲ್ಲಿ ಹೀರಿಸಿ ಹಿಂಡುತ್ತಿದ್ದಾಗ ಅವನು ಜೆಟ್ಟಿಯ ತುದಿಗೆ ಬಂದು ನಿಂತ. ಮೊದಲು ಕಂಡದ್ದು ಪಾಲಿಶ್ ಮಾಡಿದ ಬೂಟು. ಆಮೇಲೆ ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು. ಆಮೇಲೆ, ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿದಿದ್ದ ಟೋಪಿ. ಮೀನು ಹಿಡಿಯಲು ಬರುವವರು ಯಾರೂ ಹೀಗೆ ಬರುವುದಿಲ್ಲ.

ಇವನೇ ಇರಬೇಕು ಎಂದುಕೊಂಡಳು. ಮುಖ ತಾನಾಗಿಯೇ ಬಿಗಿದುಕೊಂಡಿತು.

ಹಿಂದಿನ ಸಂಜೆ ಸೋದರತ್ತೆ ಬುಕಿಂಗ್ ಕೋಣೆಯಲ್ಲಿ ಲೈಫ್ ಜಾಕೆಟ್‌ಗಳನ್ನು ಮೊಳೆಗೆ ನೇತುಹಾಕುತ್ತ, "ಬ್ಯಾಂಕಲ್ಲಿ ಕೆಲಸ ಮಾಡೋ ಹುಡುಗ ಕಣೆ. ನಾಳೆ ನಿನ್ನನ್ನ ನೋಡೋಕೆ ಬರ್ತಾನೆ. ಮುಖ ಗಂಟು ಹಾಕ್ಕೊಂಡು ನಿಲ್ಲಬೇಡ," ಎಂದಿದ್ದಳು. ಸೊಂಟನೋವೆಂದು ಅಪ್ಪ ದಡ ಹಿಡಿದ ಮೇಲೆ, ಗಾಳ ಹಾಕುವ ಹವ್ಯಾಸದವರನ್ನು ಸಮುದ್ರಕ್ಕೆ ಕರೆದೊಯ್ಯುವ ಬೋಟೂ ಗಿರಾಕಿಗಳೂ ಅವಳ ಪಾಲಿಗೆ ಬಂದಿದ್ದವು. ಜೆಟ್ಟಿಯಲ್ಲಿ ಎಲ್ಲರೂ ಅವಳನ್ನು 'ಕ್ಯಾಪ್ಟನ್' ಎನ್ನುತ್ತಿದ್ದರು. ಅತ್ತೆಯ ಪಾಲಿಗೆ ಮಾತ್ರ ಅವಳು ಇನ್ನೂ ದಡ ಸೇರದ ಹುಡುಗಿ.

"ಬೂಟು ಬಿಚ್ಚಿ ಬನ್ನಿ," ಎಂದಳು.

ಅವನು ಬಿಚ್ಚಿದ. ಕಾಲುಚೀಲಗಳನ್ನೂ ಮಡಿಸಿ ಬೂಟಿನೊಳಗಿಟ್ಟ. ಬೋಟಿಗೆ ಕಾಲಿಡುತ್ತಲೇ ಅದು ಓಲಾಡಿತು. ಹಿಡಿಯಲು ಬೇರೇನೂ ಸಿಗದೆ ಅವಳ ಭುಜ ಹಿಡಿದ, ಬಿಸಿ ಪಾತ್ರೆ ಮುಟ್ಟಿದವನಂತೆ ಕೈ ತೆಗೆದ.

"ಸಾರಿ."

"ಪರವಾಗಿಲ್ಲ. ಬಿದ್ದಿದ್ರೆ ಎತ್ತೋ ಕೆಲಸ ನಂದೇ."

ಹೊಸಬರನ್ನು ಅವಳು ಯಾವಾಗಲೂ ಮರಳು ದಿಣ್ಣೆಯ ಒಳಗಿನ ಶಾಂತ ನೀರಿಗೆ ಕರೆದೊಯ್ಯುತ್ತಿದ್ದಳು. ಅವತ್ತು ಬೇಕೆಂದೇ, ನದಿ ಸಮುದ್ರ ಸೇರುವ ಅಳಿವೆಯ ಬಾಯಿಗೆ ಬೋಟು ತಿರುಗಿಸಿದಳು. ಅಲೆಗಳು ಬೋಟನ್ನು ಎತ್ತಿ ಎತ್ತಿ ಕುಕ್ಕಿದವು. ಬ್ಯಾಂಕಿನ ಕುರ್ಚಿಗೂ ಇದಕ್ಕೂ ಇರುವ ವ್ಯತ್ಯಾಸ ಗೊತ್ತಾಗಲಿ ಎಂಬುದು ಅವಳ ಎಣಿಕೆ.

"ಮೊದಲೇ ಹೇಳಿಬಿಡ್ತೀನಿ. ನಾನು ಇದನ್ನ ಬಿಡೋಳಲ್ಲ," ಎಂದಳು, ಸ್ಟೀರಿಂಗ್ ತಟ್ಟುತ್ತ.

ಅವನು ಬೋಟಿನ ಅಂಚನ್ನು ಅವುಚಿಕೊಂಡಿದ್ದ. "ಬಿಡಬೇಡಿ. ಅದರಲ್ಲೂ ಈಗಂತೂ ಬಿಡಲೇಬೇಡಿ."

"ನಂಗೆ ಅಡುಗೆ ಬರಲ್ಲ."

"ನಾನು ಡಬ್ಬಿ ತಂದಿದ್ದೀನಿ. ಇಬ್ಬರಿಗೂ ಆಗುತ್ತೆ."

"ಮೈಯೆಲ್ಲ ಮೀನಿನ ವಾಸನೆ. ಎಷ್ಟು ತೊಳೆದ್ರೂ ಹೋಗಲ್ಲ."

ಅವನು ಗಂಭೀರವಾಗಿ ಮೂಗು ಅರಳಿಸಿ ನೋಡಿದ. "ಗಾಳಿ ಆ ಕಡೆ ಬೀಸ್ತಿದೆ. ನಂಗೇನೂ ಗೊತ್ತಾಗ್ತಿಲ್ಲ."

ನಗು ಬರದಂತೆ ಅವಳು ತುಟಿ ಕಚ್ಚಿದಳು. "ಸರಿ, ವಾಪಸ್ ಹೋಗಿ ಅತ್ತೆಗೆ ಏನು ಹೇಳ್ತೀರಿ?"

"ಯಾವ ಅತ್ತೆ? ನಂಗಿನ್ನೂ ಮದುವೇನೇ ಆಗಿಲ್ಲ. ಅತ್ತೆ ಎಲ್ಲಿಂದ ಬಂದ್ರು?"

ಅವಳು ಎಂಜಿನ್ ಆರಿಸಿದಳು.

"ನೀವು ಬ್ಯಾಂಕಿನವರಲ್ವಾ?"

"ಅಲ್ಲಪ್ಪ. ಕನ್ನಡಕದವನು. ಬಸ್ ನಿಲ್ದಾಣದ ಹಿಂದಿನ ಬೀದೀಲಿ ಅಂಗಡಿ ಇದೆ. ನಿಮ್ಮಂಥ ಗೈಡುಗಳು ಬಂದು, 'ನೀನು ಕೊಟ್ಟ ಗಾಜಲ್ಲಿ ನೀರಿನ ಹೊಳಪು ಕಣ್ಣಿಗೆ ಹೊಡೆಯುತ್ತೆ, ಮೀನು ಕಾಣಲ್ಲ' ಅಂತ ಬೈತಾರೆ. ನಾನು ಸಮುದ್ರಕ್ಕೇ ಇಳಿದವನಲ್ಲ. ಯಾಕೆ ಬೈಸ್ಕೋತಿದ್ದೀನಿ ಅಂತಾದ್ರೂ ಗೊತ್ತಾಗ್ಲಿ ಅಂತ ಬುಕ್ ಮಾಡ್ದೆ."

ಅವಳು ತನ್ನ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡಳು. ಅವನಿಗೆ ವಿಷಯ ನಿಧಾನವಾಗಿ ಹೊಳೆಯಿತು.

"ಅಂದ್ರೆ ಇಷ್ಟು ಹೊತ್ತು ನಡೆದದ್ದು... ಪರೀಕ್ಷೆನಾ?"

"ಹೂಂ."

"ಪಾಸಾದ್ನಾ?"

ಅವಳು ಎಂಜಿನ್ ಮತ್ತೆ ಚಾಲೂ ಮಾಡಿದಳು. ಬೋಟನ್ನು ಶಾಂತ ನೀರಿನತ್ತ ತಿರುಗಿಸಿದಳು.

ಅಲ್ಲಿ ಸಮುದ್ರ ಮೊಣಕಾಲಿನಷ್ಟು ಆಳವೂ ಇರಲಿಲ್ಲ. ನೀರು ಬೆಚ್ಚಗೆ, ತಿಳಿಹಸಿರಾಗಿ, ಇದೆಯೋ ಇಲ್ಲವೋ ಎಂಬಂತೆ ಮಲಗಿತ್ತು. ತಳದ ಮರಳಿನ ಮೇಲೆ ಬೆಳಕು ಬಲೆ ಹೆಣೆಯುತ್ತಿತ್ತು. ಅವಳು ಉದ್ದನೆಯ ಕೋಲಿನಿಂದ ಸದ್ದಿಲ್ಲದೆ ಬೋಟನ್ನು ತಳ್ಳುತ್ತಿದ್ದಳು. ಅವನು ಜೇಬಿನಿಂದ ಬಗೆಬಗೆಯ ಗಾಜು ತೆಗೆದು ಒಂದೊಂದನ್ನೇ ಕಣ್ಣಿಗೆ ಹಿಡಿದು ನೋಡುತ್ತಿದ್ದ. ನೀರನ್ನು ನೋಡಿದಷ್ಟೇ ಹೊತ್ತು, ಆ ಗಾಜಿನ ಹಿಂದಿನಿಂದ, ಅವಳನ್ನೂ ನೋಡಿದ. ಕಂದು ಗಾಜಿನಲ್ಲೊಮ್ಮೆ, ಹಸಿರು ಗಾಜಿನಲ್ಲೊಮ್ಮೆ, ಕೊನೆಗೆ ಗಾಜೇ ಇಲ್ಲದೆ.

"ಮೀನು ಆ ಕಡೆ," ಎಂದಳು ಅವಳು, ತಿರುಗದೆಯೇ.

"ಗೊತ್ತು," ಎಂದ ಅವನು, ಅಲುಗದೆಯೇ.

ಗಾಳ ಎಸೆಯುವುದನ್ನು ಅವನ ಮಣಿಕಟ್ಟು ಹಿಡಿದು ಕಲಿಸಿದಳು. ಎಸೆದ ಗಾಳ ಒಮ್ಮೆ ಅವಳದೇ ಟೋಪಿ ಹಿಡಿಯಿತು. ಬಿಸಿಲೇರುವ ಹೊತ್ತಿಗೆ ಒಂದು ಮೀನು ಕಚ್ಚಿತು. ಗಾಳದ ದಾರ ಸುತ್ತಿದ ರೀಲು ಕಿರುಗುಟ್ಟಿತು, ನೀರು ಸೀಳಿಕೊಂಡು ಬೆಳ್ಳಿಯ ಪಟ್ಟಿಯೊಂದು ಗಾಳಿಗೆ ಜಿಗಿಯಿತು. ಅವನು ರೀಲು ಸುತ್ತುವುದನ್ನೇ ಮರೆತು ಬಾಯಿ ಬಿಟ್ಟು ನಿಂತ.

"ಸುತ್ತಿ, ಸುತ್ತಿ! ಆಮೇಲೆ ಮರುಳಾಗಿ!"

ಅವಳ ಟ್ರಿಪ್ಪಿನಲ್ಲಿ ಹಿಡಿದ ಮೀನನ್ನು ಬಿಡುವುದು ನಿಯಮ. ಇಬ್ಬರೂ ಬಾಗಿ ಅದನ್ನು ನೀರಿನೊಳಗೆ ಅಂಗೈ ಮೇಲೆ ಹಿಡಿದುಕೊಂಡರು. ಅದು ಉಸಿರು ಸುಧಾರಿಸಿಕೊಂಡಿತು, ಬಾಲ ಬೀಸಿತು, ಹೊರಟುಹೋಯಿತು. ಮೀನು ಹೋದ ಮೇಲೂ ನಾಲ್ಕು ಕೈಗಳು ಬೆಚ್ಚನೆಯ ನೀರಿನೊಳಗೇ ಉಳಿದವು. ಯಾರೂ ಮೊದಲು ತೆಗೆಯಲಿಲ್ಲ.

ಡಬ್ಬಿಯ ಊಟ ಇಬ್ಬರಿಗೆ ಸಾಕಾಗಲಿಲ್ಲ. ಯಾರಿಗೂ ಅದು ಕೊರತೆ ಎನಿಸಲೂ ಇಲ್ಲ.

ಹಿಂತಿರುಗಿದಾಗ ಜೆಟ್ಟಿಯಲ್ಲಿ ಅತ್ತೆ ನಿಂತಿದ್ದಳು. ಪಕ್ಕದಲ್ಲಿ ಎತ್ತರದ ಗಂಡಸು, ಕೈಯಲ್ಲಿ ಹೂಗುಚ್ಛ. ಕನ್ನಡಕದವನು ಹೂವನ್ನು ನೋಡಿದ, ಅವಳನ್ನು ನೋಡಿದ, ಬೂಟುಗಳನ್ನು ಕೈಗೆತ್ತಿಕೊಂಡ.

"ಬರ್ತೀನಿ, ಕ್ಯಾಪ್ಟನ್," ಎಂದ.

ಬರ್ತೀನಿ ಎಂದು ಹೋದವನು ಬರಲಿಲ್ಲ.

ಬ್ಯಾಂಕಿನವನು ಕೆಟ್ಟವನೇನಲ್ಲ. ಬುಕಿಂಗ್ ಕೋಣೆಯ ತಂಪಿನಲ್ಲಿ ಕೂತು ಮೆಲ್ಲಗೆ ಮಾತಾಡಿದ. "ಮದುವೆ ಆದ್ಮೇಲೆ ಬೋಟನ್ನ ಯಾರಿಗಾದ್ರೂ ವಹಿಸಬಹುದು. ನೀವು ಬಿಸಿಲಲ್ಲಿ ಕಷ್ಟಪಡೋದು ಬೇಡ."

"ಕಷ್ಟ ಅಂತ ನಾನು ಯಾವತ್ತೂ ಹೇಳಿಲ್ವಲ್ಲ," ಎಂದಳು ಅವಳು. ಹೂವನ್ನು ಗೌರವದಿಂದಲೇ ಹಿಂದಿರುಗಿಸಿದಳು.

ಅತ್ತೆ ಅವತ್ತಿನಿಂದ ಮಾತು ಬಿಟ್ಟು ಪಾತ್ರೆಗಳನ್ನೇ ಮಾತಾಡಿಸತೊಡಗಿದಳು. ಅಪ್ಪ ಮಂಚದಿಂದಲೇ, "ಬಿಡಕ್ಕ, ಅವಳ ಮನಸ್ಸು ಬೇರೆ ಎಲ್ಲೋ ಲಂಗರು ಹಾಕಿದೆ," ಎಂದ.

"ಎಲ್ಲಿ ಅಂತ ಹೇಳಿದ್ರೆ ನಾನೇ ಹೋಗಿ ಹಗ್ಗ ಕಟ್ಟಿ ಬರ್ತೀನಿ!" ಎಂದಳು ಅತ್ತೆ.

ಬೆಳಗಾದರೆ ಗಿರಾಕಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಜೆಟ್ಟಿಯ ಹಲಗೆ ಸದ್ದು ಮಾಡಿದಾಗಲೆಲ್ಲ ಅವಳ ಕತ್ತು ತಿರುಗುತ್ತಿತ್ತು. ಹಸಿರು ನೀರಿನಲ್ಲಿ ಬೋಟು ತಳ್ಳುತ್ತಿದ್ದಾಗ, ಬೆನ್ನಿನ ಮೇಲೆ ಯಾರದೋ ನೋಟ ಇಲ್ಲವಲ್ಲ ಎಂಬುದು ಬಿಸಿಲಿಗಿಂತ ಹೆಚ್ಚು ಸುಡುತ್ತಿತ್ತು.

ಗಾಳಿ ಜೋರಾಗಿ ಯಾವ ಬೋಟೂ ಹೊರಡದ ಒಂದು ಮಧ್ಯಾಹ್ನ ಅವಳು ಬಸ್ ಹತ್ತಿದಳು.

ಅಂಗಡಿ ಚಿಕ್ಕದು. ಗೋಡೆ ತುಂಬ ಖಾಲಿ ಫ್ರೇಮುಗಳು ಅವಳನ್ನೇ ದಿಟ್ಟಿಸುತ್ತಿದ್ದವು. ಅವನು ಗಾಜು ಉಜ್ಜುತ್ತಿದ್ದವನು ತಲೆಯೆತ್ತಿದ. ಕೈಯಲ್ಲಿದ್ದ ಬಟ್ಟೆ ಜಾರಿತು.

"ಕಣ್ಣು ತೋರಿಸ್ಬೇಕಿತ್ತು," ಎಂದಳು.

ಒಳಕೋಣೆಯಲ್ಲಿ ದೀಪವಾರಿಸಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಎದುರಿನ ಅಕ್ಷರಗಳ ಫಲಕ ಮಾತ್ರ ಹೊಳೆಯುತ್ತಿತ್ತು. ಪರೀಕ್ಷೆಯ ಫ್ರೇಮನ್ನು ಅವಳ ಕಿವಿಗೆ ಸಿಕ್ಕಿಸಿದ.

"ಏನು ತೊಂದರೆ?"

"ದೂರದ್ದೆಲ್ಲ ಕಾಣುತ್ತೆ. ಹತ್ತಿರ ಇರಬೇಕಾದೋರು ಕಾಣ್ತಿಲ್ಲ."

ಅವನು ಒಂದು ಗಾಜು ಹಾಕಿದ, ತೆಗೆದ, ಇನ್ನೊಂದು ಹಾಕಿದ. "ಇದು ಚೆನ್ನಾಗಿದೆಯಾ, ಮೊದಲಿನದಾ?"

"ಅತ್ತೆ ಮೊದಲು ಹೇಳಿದ್ದ ಬ್ಯಾಂಕಿನೋರಿಗೆ ಬೇಡ ಅಂದೆ. ಹೂವೂ ವಾಪಸ್ ಕೊಟ್ಟೆ."

ಗಾಜು ತಟ್ಟೆಗೆ ಬಿದ್ದು ಟಣ್ಣೆಂದಿತು.

"ಎಷ್ಟೋ ಸಲ ಫೋನ್ ಎತ್ತಿಕೊಂಡೆ," ಎಂದ ಅವನು ಕತ್ತಲಲ್ಲಿ. "ನಿಮ್ಮತ್ತೆ ಸಿಕ್ಕಿದ್ರೆ ಏನನ್ನಲಿ?"

"ಬುಕಿಂಗ್ ಅನ್ನಬಹುದಿತ್ತು."

"ಎಷ್ಟು ಜನಕ್ಕೆ ಅಂತ ಕೇಳ್ತಿದ್ರು."

"ಏನಂತಿದ್ರಿ?"

"ಇಬ್ಬರಿಗೆ," ಎಂದ. "ವಾಪಸ್ ಬರೋ ಹೊತ್ತು ಬರ್ಕೋಬೇಡಿ ಅಂತಿದ್ದೆ."

ಅವಳು ಫ್ರೇಮು ತೆಗೆದು ಮಡಿಲಲ್ಲಿಟ್ಟುಕೊಂಡಳು. "ನೋಡಿ, ನಾನು ಮುದುಕಿಯಾದ್ರೂ ನೀರಿಗೆ ಹೋಗೋಳೇ."

"ಗೊತ್ತು. ನಾನು ನಿಮ್ಮನ್ನ ಕಂಡಿದ್ದೇ ಅಲ್ಲಿ. ಬೇರೆಲ್ಲೋ ತಂದು ನಿಲ್ಲಿಸಿ ನೋಡೋ ಆಸೆ ನಂಗಿಲ್ಲ."

ಹೊರಗೆ ಯಾರೋ ಗಿರಾಕಿ ಬಂದು, "ಯಾರಿದ್ದೀರಿ?" ಎಂದು ಕೂಗಿದರು. ದೀಪದ ಸ್ವಿಚ್ಚು ಅವನ ಕೈಗೆ ಎಟಕುವಷ್ಟು ಹತ್ತಿರದಲ್ಲೇ ಇತ್ತು. ಆದರೆ ಆ ಕೈಯನ್ನು ಅವಳು ಹಿಡಿದುಕೊಂಡಿದ್ದಳು.