ಹದಿನೆಂಟು ಇಂಚಿನ ಬಾಯಿ

ಪರದೆಯ ಮೇಲೆ ಉಸಿರುಪಟ್ಟಿಯ ಗುರುತು ಹಸಿರಾಗಿಯೇ ಇತ್ತು. ಸಕ್ಕರೆ ಕಾರ್ಖಾನೆಯ ಕಾಕಂಬಿ ಟ್ಯಾಂಕಿನೊಳಗೆ ಲಗಮಪ್ಪ ಇಳಿದು ಇಪ್ಪತ್ತು ನಿಮಿಷವಾಗಿತ್ತು. ತಳದ ಗಸಿ ಕೆರೆಯುವುದು ೨೦೫೮ರಲ್ಲೂ ಮನುಷ್ಯನ ಕೆಲಸವೇ. ಆ ಅಂಟಿನಲ್ಲಿ ಯಂತ್ರಗಳು ಹೂತುಹೋಗುತ್ತಿದ್ದವು. ಹುಳಿತ ಗಸಿಯಿಂದ ಏಳುವ ಅನಿಲಕ್ಕೆ ಬಣ್ಣವಿಲ್ಲ. ತಳದಲ್ಲಿ ಮಡುಗಟ್ಟಿ ನಿಂತು, ಬಗ್ಗಿದವನ ಉಸಿರನ್ನು ಸದ್ದಿಲ್ಲದೆ ಕಸಿಯುತ್ತದೆ.

ಅದಕ್ಕೆಂದೇ ವಿಜ್ಞಾನಿ ಮಂದಾಕಿನಿ ಹನ್ನೊಂದು ವರ್ಷ ದುಡಿದು ಉಸಿರುಪಟ್ಟಿ ಮಾಡಿದ್ದಳು. ಗಂಟಲ ಕೆಳಗೆ ಅಂಟಿಸಿಕೊಂಡರೆ ಸುತ್ತಲಿನ ಗಾಳಿಯನ್ನು ಅಳೆಯುತ್ತಿರುತ್ತದೆ. ಅಪಾಯಕ್ಕೆ ಮೂರು ನಿಮಿಷ ಮೊದಲೇ ಕೆಂಪಾಗುತ್ತದೆ, ಆಗ ಎದೆಗೆ ಕಟ್ಟಿದ ಹಗ್ಗವನ್ನು ಮೋಟಾರು ತಾನಾಗಿ ಮೇಲೆಳೆಯುತ್ತದೆ. ಇನ್ನು ಟ್ಯಾಂಕಿನ ಮೇಲೆ ಕೂತು ಕಾಯುವವರು ಬೇಡವೆಂದು ಕಾರ್ಖಾನೆ ತೀರ್ಮಾನಿಸಿತ್ತು. ಆದರೂ ಪರದೆ ನೋಡುತ್ತಿದ್ದ ಮಂದಾಕಿನಿಯ ಪಕ್ಕದಲ್ಲಿ ಲಗಮಪ್ಪನ ಹೆಂಡತಿ ಬಾಳವ್ವ ಬಂದು ಕೂತಿದ್ದಳು.

"ಅದೀರಿಲ್ಲೋ?" ಟ್ಯಾಂಕಿನ ಬಾಯಿಗೆ ಬಗ್ಗಿ ಕೂಗಿದಳು.

"ಅದೀನಿ. ನಿನ್ನ ಕಾಟ ಇಲ್ಲೀತನಾನೂ ಬರ್ತೈತಿ."

ಮುಂದಿನ ಕೂಗಿಗೆ ಉತ್ತರ ಬರಲಿಲ್ಲ.

"ಎಳೀರಿ ಅಕ್ಕಾರ."

"ಪಟ್ಟಿ ಹಸಿರಿದೆ ಬಾಳವ್ವ. ಗಾಳಿ ಚೆನ್ನಾಗಿದೆ."

"ಗಾಳಿ ಚಲೋ ಇದ್ರ ಅವ್ರ್ಯಾಕ ಸುಮ್ನದಾರ? ಎಳೀರಿ."

ಮಂದಾಕಿನಿ ಗುಂಡಿ ಒತ್ತಿದಳು. ಮೇಲೆ ಬಂದ ಮೈ ಟ್ಯಾಂಕಿನ ಬಾಯಲ್ಲಿ ಹೆಗಲ ಬಳಿ ಸಿಕ್ಕಿಕೊಂಡಿತು. ಬಾಳವ್ವ ಗಂಡನ ಒಂದು ತೋಳನ್ನು ಮೇಲಕ್ಕೆತ್ತಿ, ಮೈಯನ್ನು ಓರೆ ಮಾಡಿ, ಸೂಲಗಿತ್ತಿಯಂತೆ ಹೊರಗೆ ಜಗ್ಗಿದಳು. ಅವನ ಗಂಟಲ ಕೆಳಗೆ ಪಟ್ಟಿ ಇರಲಿಲ್ಲ. ಅದು ಒಳಗೆ, ಅನಿಲ ಮುಟ್ಟದ ಎತ್ತರದಲ್ಲಿ, ಏಣಿಯ ತುದಿ ಮೆಟ್ಟಿಲಿಗೆ ಅಂಟಿಕೊಂಡು ಹಸಿರಾಗಿ ಮಿನುಗುತ್ತಿತ್ತು.

ಕೆಮ್ಮು ಇಳಿದ ಮೇಲೆ ಲಗಮಪ್ಪ ತಲೆ ತಗ್ಗಿಸಿ ಹೇಳಿದ: "ಎಲ್ಲಾರೂ ಅಲ್ಲೇ ಹಚ್ತೀವ್ರಿ ಮೇಡಂ. ಕೆಂಪಾದ್ರ ಮೋಟಾರ ಜಗ್ಗತೈತಿ, ಭುಜದ ತೊಗಲ ಆ ಬಾಯಿಗೇ ಉಳೀತೈತಿ. ದಿನಕ್ಕ ಐದಾರು ಸಲ ಹಂಗಾದ್ರ ಹೆಂಗ ತಡಕೊಳ್ಳೋದು?"

ಅಂಗಿ ಸರಿಸಿದ. ಹೆಗಲ ಮೇಲೆ ಹಳೆಯ ಗಾಯದ ಮೇಲೆ ಹೊಸ ಗಾಯ.

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ವಲ್ರಿ," ಎಂದಳು ಬಾಳವ್ವ.

ಮಂದಾಕಿನಿ ಹಳೆಯ ಕಡತ ತೆಗೆದು ನೋಡಿದಳು. ಕೆಲಸ ಶುರು ಮಾಡಿದ ವರ್ಷ ಟ್ಯಾಂಕಿಗಿಳಿಯುವ ನಲವತ್ತು ಮಂದಿಯನ್ನು ಅವಳೇ ಕೇಳಿದ್ದಳು, ನಿಮಗೇನು ಬೇಕು ಎಂದು. ಮೂವತ್ತೊಂದು ಮಂದಿಯ ಉತ್ತರ ಒಂದೇ: ಟ್ಯಾಂಕಿನ ಬಾಯಿ ದೊಡ್ಡದು ಮಾಡಿಸ್ರಿ. ಪಕ್ಕದಲ್ಲಿ ಅವಳದೇ ಅಕ್ಷರ: 'ಸಂಶೋಧನೆಗೆ ಸಂಬಂಧಿಸಿದ್ದಲ್ಲ.'

ಟೇಪು ಹಿಡಿದು ಟ್ಯಾಂಕಿನ ಬಾಯಿಯನ್ನು ಅಳೆದಳು. ಹದಿನೆಂಟು ಇಂಚು. ಅಂಚಿನ ತಗಡಿನಲ್ಲಿ ಟ್ಯಾಂಕು ಕಟ್ಟಿದ ವರ್ಷವನ್ನು ಕೊರೆದಿದ್ದರು: ೨೦೨೬. ಉಕ್ಕಿನಲ್ಲಿ ದೊಡ್ಡದೊಂದು ತೂತು ಕೊರೆಯಲು ಆ ವರ್ಷವೂ ಯಾರೂ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ.