ಮಿಂಚುಳ್ಳಿ ಬಣ್ಣದ ಕಾರು

2025ರ ಜೂನ್ 14, ಶನಿವಾರ. ಸಂಜೆ 4.20ಕ್ಕೆ ಮಲೇಷ್ಯಾದ ಪುಚೊಂಗ್ ಠಾಣೆಗೆ ಗಂಡ ಹೆಂಡತಿ ಇಬ್ಬರು ದೂರು ಕೊಡಲು ಬಂದರು. ಗಂಡ ಅನಂತಕೃಷ್ಣ, ಮೈಸೂರಿನವರು, ಪುತ್ರಜಯಾದ ಪಕ್ಕದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮ್ಯಾನೇಜರ್. ಹೆಂಡತಿ ಜಯಮಾಲಾ. ರಿಪೇರಿಗೆ ಬಿಟ್ಟಿದ್ದ ಕಾರು ವರ್ಕ್‌ಶಾಪಿನಿಂದಲೇ ಮಾಯವಾಗಿದೆ ಎಂಬುದು ದೂರು.

ಇನ್‌ಸ್ಪೆಕ್ಟರ್ ಬೆನೆಡಿಕ್ಟ್ ಮಲೇಷ್ಯಾದಲ್ಲೇ ಹುಟ್ಟಿ ಬೆಳೆದವನು. ತಾಯಿ ಅಲ್ಬಿನಾ ಮದುವೆಗೆ ಮುಂಚೆ ಮಂಗಳೂರಿನಲ್ಲಿ ಕನ್ನಡ ಟೀಚರಾಗಿದ್ದುದರಿಂದ ಅವನಿಗೆ ಕನ್ನಡ ಬರುತ್ತಿತ್ತು. ಹೋದ ವರ್ಷ ಆಕೆ ದೇವರ ಪಾದ ಸೇರಿದ ಮೇಲೆ ಮನೆಯಲ್ಲಿ ಆ ಭಾಷೆ ಆಡಲು ಯಾರೂ ಉಳಿದಿರಲಿಲ್ಲ.

"ಯಾವ ಕಾರು?"

"ಅಮೆರಿಕದ ಮಸಲ್ ಕಾರು ಸಾರ್. ಎರಡು ಬಾಗಿಲು, ದೊಡ್ಡ ಎಂಜಿನ್."

"ಬಣ್ಣ?"

ಅನಂತಕೃಷ್ಣ ಹೆಂಡತಿಯ ಮುಖ ನೋಡಿದರು. ಜಯಮಾಲಾ ಮೊಬೈಲು ಮುಂದಿಟ್ಟರು. ಕೊಳದ ಮೇಲೆ ಎರಗುವ ಮಿಂಚುಳ್ಳಿಯ ಬೆನ್ನಿನ ನೀಲಿ. ಬಾಗಿಲಿನ ಕೆಳಗಿನಿಂದ ಅದೇ ಹಕ್ಕಿಯ ಎದೆಯ ಕಿತ್ತಳೆ. ಎರಡು ಬಣ್ಣ ಎಲ್ಲಿ ಕೂಡಿದವೆಂದು ಹುಡುಕಿದರೂ ಸಿಗದು. ಚಕ್ರಗಳು ಇಪ್ಪತ್ತಾರು ಇಂಚಿನವು, ಕಾರು ನಾಲ್ಕು ಬಂಡಿಗಾಲಿಗಳ ಮೇಲೆ ಕೂತಂತಿತ್ತು.

"ಹೇಳಿ ಮಾಡಿಸಿದ್ದು ಇವರೇ," ಎಂದರು ಜಯಮಾಲಾ. "ನಲವತ್ತೈದಕ್ಕೆ ಬಂದ ಹುಚ್ಚು. ಎರಡು ತಿಂಗಳು ಓಡಿಸಿದರು. ಆಫೀಸಲ್ಲಿ ಎಲ್ಲಾ ಸರ್ಕಸ್ ಬಂತು ಅಂತ ನಕ್ಕರಂತೆ. ಸೋಮವಾರ ಬಣ್ಣ ಕೆರೆಸಿ ಬೂದಿ ಬಣ್ಣ ಹೊಡೆಸಿ, ಹಳೇ ಚಕ್ರ ಹಾಕಿಸೋದು ಅಂತ ಬಿಟ್ಟಿದ್ವಿ."

"ಯಾರ ಮೇಲಾದರೂ ಅನುಮಾನ?"

"ಚಕ್ರ ಬಿಚ್ಚಿ ಮಾರೋರೇ ಇರಬೇಕು," ಎಂದರು ಅನಂತಕೃಷ್ಣ. "ಬೇಗ ಹುಡುಕಿ ಸಾರ್. ಬಿಚ್ಚಿದರೆ ಮುಗೀತು."

4.45ಕ್ಕೆ ಎಫ್‌ಐಆರ್ ದಾಖಲಾಯಿತು. 5.15ಕ್ಕೆ ಬೆನೆಡಿಕ್ಟ್ ಕಾರ್ಪೊರಲ್ ಜುಲ್ಕಿಫ್ಲಿಯೊಂದಿಗೆ ವರ್ಕ್‌ಶಾಪಿನಲ್ಲಿದ್ದ. ಅವರಿಬ್ಬರ ಮಾತು ಮಲಯ್ ಭಾಷೆಯಲ್ಲಿ.

ಮಾಲೀಕ ಲೆಚ್ಚುಮಣನ್ ತಮಿಳರವನು, ಹೆದರಿ ಬೆವರುತ್ತಿದ್ದ. ಶನಿವಾರ ಅರ್ಧ ದಿನ. ಹನ್ನೆರಡೂವರೆಗೆ ಶಟರ್ ಎಳೆದು ಎಲ್ಲರೂ ಹೋದರು. ಮೂರೂವರೆಗೆ ತಾನು ಬಂದಾಗ ಕಾರಿರಲಿಲ್ಲ. ಬೀಗ ಒಡೆದಿಲ್ಲ. ಒಳಗಿನ ಹಲಗೆಗೆ ತೂಗುಹಾಕಿದ್ದ ಕಾರಿನ ಕೀಯೂ ಇಲ್ಲ.

"ಶಟರಿನ ಕೀ ಎಲ್ಲಿರುತ್ತೆ?"

"ಮುರುಗನ್ ಪಟದ ಹಿಂದೆ."

"ಯಾರಿಗೆಲ್ಲ ಗೊತ್ತು?"

"ಐದು ಜನ ಕೆಲಸದವರಿಗೂ ಗೊತ್ತು ಸರ್. ದೇವರೇ ಕಾಯ್ತಾನೆ ಅಂತ."

"ದೇವರ ಮೇಲೆ ಕೇಸ್ ಹಾಕೋಣವಾ?" ಎಂದ ಜುಲ್ಕಿಫ್ಲಿ.

ಲೆಚ್ಚುಮಣನ್ ಐವರಿಗೂ ಫೋನ್ ಮಾಡಿದ್ದ. ನಾಲ್ವರು ಎತ್ತಿದರು, ಮನೆಯಲ್ಲೇ ಇದ್ದರು. ಪೈಂಟರ್ ಸುಬ್ರಾಯ ಎತ್ತಿರಲಿಲ್ಲ. "ಅವನು ಯಾವತ್ತೂ ಎತ್ತೋದಿಲ್ಲ. ಅವನಿಗೆ ಫೋನ್ ಮಾಡೋರು ಯಾರಿದ್ದಾರೆ? ರೂಮಲ್ಲೇ ಮರೆತು ಎಲ್ಲೋ ಹೋಗಿರ್ತಾನೆ. ಬಾಯಿಲ್ಲದ ಮನುಷ್ಯ ಸರ್."

ಪಂಚನಾಮೆಯಲ್ಲಿ ಎರಡು ಸಂಗತಿ ಬರೆದುಕೊಂಡರು. ಒಂದು, ಗೇಟಿನ ಒಳಗೆ ನಾಲ್ಕು ನಿಂಬೆಹಣ್ಣು ಚಪ್ಪಟೆಯಾಗಿ ಬಿದ್ದಿದ್ದವು. ಹೊರಡುವ ಕಾರಿನ ಚಕ್ರಕ್ಕೆ ನಿಂಬೆ ಇಡುವುದು ಅಲ್ಲಿನ ರೂಢಿಯೇ, ಆದರೆ ಹನ್ನೆರಡು ಗಂಟೆಗೆ ಅಂಗಳ ತೊಳೆದಿದ್ದರು. ಆಮೇಲೆ ಯಾವ ಕಾರೂ ಹೊರಟಿರಲಿಲ್ಲ.

"ಕದ್ದ ಕಾರಿಗೆ ಪೂಜೆ ಮಾಡಿದ್ದಾನಾ?" ಎಂದು ಜುಲ್ಕಿಫ್ಲಿ ನಕ್ಕ.

ಎರಡನೆಯದು, ಎದುರಿನ ಟೈರ್ ಅಂಗಡಿಯ ಕ್ಯಾಮೆರಾ. 12.38ಕ್ಕೆ ಶಟರ್ ಏಳುತ್ತದೆ. 12.40ಕ್ಕೆ ಕಾರು ಗೇಟಿನವರೆಗೆ ಬಂದು ನಿಲ್ಲುತ್ತದೆ. ಆಮೇಲೆ ಏನೂ ಇಲ್ಲ. ಕಪ್ಪು ಗಾಜಿನ ಹಿಂದೆ ಯಾರೋ ಕೂತಿದ್ದಾರೆ, ಬಿಸಿಲು ನೀಲಿಯ ಮೇಲೆ ಹರಿಯುತ್ತಿದೆ. ಸರಿಯಾಗಿ ಒಂದು ಗಂಟೆಗೆ ಕಾರು ಗೇಟು ದಾಟಿ ಹೋಗುತ್ತದೆ.

"ಇಪ್ಪತ್ತು ನಿಮಿಷ," ಎಂದ ಜುಲ್ಕಿಫ್ಲಿ. "ಕಳ್ಳ ಯಾಕೆ ಕಾಯ್ತಾನೆ? ಯಾರಾದರೂ ಬರೋದಿತ್ತಾ?"

"ಯಾರೂ ಬರಲಿಲ್ಲವಲ್ಲ."

ಆ ಪ್ರಶ್ನೆ ಬೆನೆಡಿಕ್ಟ್‌ನ ಜೊತೆಗೇ ಮನೆಗೆ ಹೋಯಿತು.

ಜೂನ್ 15, ಭಾನುವಾರ. ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಬೆನೆಡಿಕ್ಟ್, ಹೋಟೆಲಿನಿಂದ ಕಟ್ಟಿಸಿ ತಂದಿದ್ದ ಅನ್ನದ ಪೊಟ್ಟಣವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದ. ಗೋಡೆಯ ಮೇಲೆ ಅಮ್ಮನ ಗಡಿಯಾರ ಓಡುತ್ತಿತ್ತು. ಆಕೆ ಅದನ್ನು ಕೊನೆಯವರೆಗೂ ಮಂಗಳೂರಿನ ಸಮಯಕ್ಕೇ ಇಟ್ಟಿದ್ದಳು. ಅಲ್ಲಿ ತನ್ನ ಅಕ್ಕ ಜಪಮಾಲೆ ಹಿಡಿಯುವ ಗಳಿಗೆಗೆ ಇಲ್ಲಿ ತಾನೂ ಹಿಡಿಯಬೇಕು, ಎರಡು ಕಡೆಯ ಪ್ರಾರ್ಥನೆ ಒಟ್ಟಿಗೆ ಮೇಲೇರಬೇಕು ಎಂದು. ಅವಳು ಹೋದ ಮೇಲೂ ಅವನು ಮುಳ್ಳು ತಿರುಗಿಸಿರಲಿಲ್ಲ. ಸೆಲ್ ಮುಗಿದಾಗ ಹೊಸದು ಹಾಕಿದ್ದ, ಅಷ್ಟೇ.

ಅವನ ಕೈಗಡಿಯಾರದಲ್ಲಿ ಒಂದು ಗಂಟೆ. ಅಮ್ಮನ ಗಡಿಯಾರದಲ್ಲಿ ಹತ್ತೂವರೆ.

ತುತ್ತು ಕೈಯಲ್ಲೇ ಉಳಿಯಿತು. ಎಡಗೈಯಲ್ಲಿ ಜಯಮಾಲಾರಿಗೆ ಫೋನ್ ಮಾಡಿದ.

"ಮೇಡಂ, ಶನಿವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮಲ್ಲಿ ಏನಾದರೂ ವಿಶೇಷ ಇದೆಯಾ?"

"ರಾಹುಕಾಲ ಮುಗಿಯತ್ತೆ ಸಾರ್. ಶನಿವಾರ ಒಂಬತ್ತರಿಂದ ಹತ್ತೂವರೆ. ಅದರೊಳಗೆ ಹೊರಗೆ ಹೊರಡಬಾರದು ಅಂತಾರೆ."

"ಇಲ್ಲಿನ ಗಂಟೆ ಲೆಕ್ಕವಾ, ಊರಿನದಾ?"

"ಇಲ್ಲಿನ ಗಂಟೆನೇ. ಇಲ್ಲಿ ಸೂರ್ಯ ಹುಟ್ಟೋ ಲೆಕ್ಕ ತಾನೇ ಇಲ್ಲಿಗೆ? ಇಲ್ಲಿನ ತಮಿಳು ಕ್ಯಾಲೆಂಡರಲ್ಲೂ ಹಾಗೇ ಇರತ್ತೆ. ಹೊಸದಾಗಿ ಬಂದಾಗ ನಾವೂ ಊರಿನ ಗಂಟೆ ಹಿಡೀತಿದ್ವಿ. ಪಕ್ಕದ ಮನೆಯವರು ನಕ್ಕು ತಿದ್ದಿದರು."

"ತಿದ್ದೋರು ಯಾರೂ ಇಲ್ಲದಿದ್ದರೆ?"

"ಹಾಗೇ ನಡಕೊಂಡು ಹೋಗ್ತಿದ್ವೇನೋ," ಎಂದರು.

ಬೆನೆಡಿಕ್ಟ್ ಲೆಚ್ಚುಮಣನ್‌ಗೆ ಒಂದೇ ಪ್ರಶ್ನೆ ಕೇಳಿದ. "ನಿನ್ನ ಕೆಲಸದವರಲ್ಲಿ ಇಂಡಿಯಾದಿಂದ ಬಂದವರು ಯಾರು?"

"ಸುಬ್ರಾಯ ಒಬ್ಬನೇ. ಮಂಗಳೂರು ಕಡೆಯವನು. ಸೋಮವಾರ ಆ ಬಣ್ಣ ಕೆರೆಯೋದೂ ಅವನೇ. ನಾಲ್ಕು ತಿಂಗಳು ಕೂತು ಬಳಿದದ್ದೂ ಅವನೇ."

ಸಂಜೆ 6.30. ಅಂಗಡಿ ಸಾಲಿನ ಮಹಡಿಯ ಮೇಲೆ ಸುಬ್ರಾಯನ ಕೋಣೆ. ಕಟ್ಟಡದ ಯಜಮಾನ ಬಾಗಿಲು ತೆಗೆದ. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಗೋಡೆಗೆ ಮಂಗಳೂರಿನ ಬಟ್ಟೆ ಅಂಗಡಿಯೊಂದರ ಪಂಚಾಂಗದ ಕ್ಯಾಲೆಂಡರ್. ಅದರ ಪಕ್ಕ ಗಡಿಯಾರ, ಅದರಲ್ಲಿ ನಾಲ್ಕು ಗಂಟೆ. ಜುಲ್ಕಿಫ್ಲಿ ಸುಬ್ರಾಯನ ನಂಬರಿಗೆ ಫೋನ್ ಮಾಡಿದ. ಚಾಪೆಯ ಮೇಲೆ ಮೊಬೈಲು ಸದ್ದಿಲ್ಲದೆ ಬೆಳಗಿ ಆರಿತು.

ಕಿಟಕಿಯ ಕೆಳಗೆ ಗೋಡೆಯ ತುಂಬ ಅಂಗೈಯಗಲದ ನೀಲಿ ಪಟ್ಟಿಗಳು, ನೂರಕ್ಕೂ ಹೆಚ್ಚು. ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಬೇರೆ. ಕೊನೆಯದರ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿತ್ತು.

6.55ಕ್ಕೆ ಜುಲ್ಕಿಫ್ಲಿಯ ಫೋನಿಗೆ ಗೆಳೆಯನೊಬ್ಬ ಒಂದು ಫೋಟೋ ಕಳಿಸಿದ. ನಿಲಾಯ್‌ನ ಕಾಲೇಜು ಹುಡುಗಿಯೊಬ್ಬಳು ತಮಿಳು ಮುಸ್ಲಿಮರ ಮಾಮಾಕ್ ಹೋಟೆಲೊಂದರ ಮುಂದೆ ಈಗಷ್ಟೇ ನೀಲಿ ಕಾರಿನ ಪಕ್ಕ ನಿಂತು ತೆಗೆಸಿಕೊಂಡದ್ದು. ನಿನ್ನೆಯಿಂದ ಊರೆಲ್ಲ ಆ ಕಾರಿನ ಫೋಟೋ ತೆಗೆದಿತ್ತು; ಕದ್ದದ್ದು ಎಂದು ಯಾರಿಗೂ ತೋಚಿರಲಿಲ್ಲ.

"ನಾವು ಹೋಗೋಷ್ಟರಲ್ಲಿ ಹೊರಟುಬಿಡ್ತಾನೆ ಸರ್. ನಿಲಾಯ್ ಠಾಣೆಗೆ ಹೇಳಲಾ?"

ಬೆನೆಡಿಕ್ಟ್ ಕ್ಯಾಲೆಂಡರಿನ ಭಾನುವಾರದ ಮೇಲೆ ಬೆರಳಿಟ್ಟಿದ್ದ. ರಾಹುಕಾಲ ನಾಲ್ಕೂವರೆಯಿಂದ ಆರು. ಊರಿನ ಗಂಟೆ. ಎರಡೂವರೆ ಕೂಡಿಸಿದರೆ ಇಲ್ಲಿ ಏಳರಿಂದ ಎಂಟೂವರೆ.

"ಬೇಡ. ಐದು ನಿಮಿಷದಲ್ಲಿ ಹೊರಡದಿದ್ದರೆ ಎಂಟೂವರೆಯವರೆಗೆ ಕದಲೋದಿಲ್ಲ."

8.08ಕ್ಕೆ ನಿಲಾಯ್ ತಲುಪಿದರು. ಕಾರು ಅಲ್ಲೇ ಇತ್ತು. ಹೋಟೆಲಿನ ಟ್ಯೂಬ್‌ಲೈಟು ಅದರ ಬೆನ್ನಿನ ಮೇಲೆ ನೀರಿನಂತೆ ಅಲುಗುತ್ತಿತ್ತು. ಹತ್ತು ಹನ್ನೆರಡು ಜನ ಸುತ್ತ ನಿಂತಿದ್ದರು. ನಡುವೆ, ತೆಳ್ಳಗಿನ ಮನುಷ್ಯನೊಬ್ಬ, ವಯಸ್ಸು ಐವತ್ತರ ಹತ್ತಿರ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮುದುಕನೊಬ್ಬ ಬಾಗಿಲನ್ನು ಬೆರಳಿನಿಂದ ಮುಟ್ಟಿ, "ಸಿಯಾಪ ಚಾತ್?" ಎಂದು ಕೇಳಿದ, ಯಾರು ಬಣ್ಣ ಬಳಿದದ್ದು ಎಂದು.

"ಸಾಯಾ," ಎಂದ ಆ ಮನುಷ್ಯ. ನಾನು.

ಆ ಒಂದು ಮಾತು ಹೇಳುವಾಗ ಅವನ ಮುಖ ದೀಪ ಹಚ್ಚಿದ ದೇವರ ಗೂಡಿನ ಹಾಗಿತ್ತು. ಆಮೇಲೆ ಯೂನಿಫಾರಂ ನೋಡಿದ. ಓಡಲಿಲ್ಲ. ಕೀ ತೆಗೆದು ಮೇಜಿನ ಮೇಲಿಟ್ಟ.

ಬೆನೆಡಿಕ್ಟ್ ಅವನೆದುರು ಕುಳಿತು ಅಮ್ಮನ ಊರಿನ ಕನ್ನಡದಲ್ಲಿ ಕೇಳಿದ. "ಎಂತ ಸುಬ್ರಾಯ, ಊಟ ಆಯ್ತಾ?"

"ಸರ್, ನೀವು ನಮ್ಮ ಕಡೆಯವರಾ?"

"ನಮ್ಮಮ್ಮ. ಕಾರು ತೆಗೆದದ್ದು ನೀನೇ ಅಲ್ವಾ?"

"ನಾನೇ."

"ಮಾರ್ಲಿಕ್ಕಾ?"

"ಇಲ್ಲಪ್ಪ. ಇವತ್ತು ರಾತ್ರಿ ವಾಪಸು ಇಡ್ಲಿಕ್ಕಿತ್ತು. ನಾಳೆ ಕೆರೀಬೇಕಲ್ಲ."

"ಮತ್ತೆ ಎಂತಕ್ಕೆ ತೆಗೆದದ್ದು?"

ಅವನು ಚಹಾದ ಲೋಟ ತಿರುಗಿಸುತ್ತ ಕುಳಿತ. "ಊರಲ್ಲಿ ಬಸ್ಸಿಗೆ ಪೈಂಟ್ ಮಾಡ್ತಿದ್ದೆ ಸರ್. ಬಸ್ಸಿನ ಹಿಂದೆ ಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೀಲಿಕ್ಕೆ ಬಿಡ್ತಿದ್ರು. ಸ್ಟ್ಯಾಂಡಲ್ಲಿ ಜನ ಓದ್ತಿದ್ರು. ಇಲ್ಲಿಗೆ ಬಂದು ಹನ್ನೊಂದು ವರ್ಷ. ಕಾರು ಹೊರಗೆ ಹೋದ್ರೆ ಓನರಿನದ್ದು ಆಗ್ತದೆ, ಅಂಗಡಿದ್ದು ಆಗ್ತದೆ. ಈ ನೀಲಿ ಹುಡುಕ್ಲಿಕ್ಕೆ ನಂಗೆ ಮೂರು ತಿಂಗಳು ಬೇಕಾಯ್ತು. ಹನ್ನೊಂದು ಕೋಟು. ನಾಳೆ ನನ್ನ ಕೈಯಲ್ಲೇ ಕೆರೆದು ತೆಗಿ ಅಂದ್ರು."

"ಹಾಗೆ ಹೇಳ್ಬಹುದಿತ್ತಲ್ಲ, ಬೇಡ ಅಂತ?"

"ಯಾರತ್ರ ಹೇಳುದು?" ಅವನು ಕಾರಿನ ಕಡೆ ನೋಡಿದ. "ನಾನು ನಡ್ಕೊಂಡು ಹೋದ್ರೆ ಯಾರೂ ನೋಡುದಿಲ್ಲ ಸರ್. ನಿನ್ನೆಯಿಂದ ಟೋಲಲ್ಲಿ, ಪೆಟ್ರೋಲ್ ಬಂಕಲ್ಲಿ, ಎಲ್ಲಾ ಕಡೆ ಜನ ಬಂದು ಮಾತಾಡಿದ್ರು. ಐವತ್ತೆರಡು ಜನ ಕೇಳಿದ್ರು, ಯಾರು ಮಾಡಿದ್ದು ಅಂತ. ನಾನು ಎಣಿಸಿದ್ದೇನೆ. ಆ ಅಜ್ಜ ಐವತ್ಮೂರು."

8.14ಕ್ಕೆ ಬಂಧನ ದಾಖಲಿಸಿಕೊಂಡರು. ಜುಲ್ಕಿಫ್ಲಿ ಬೇಡಿ ತೆಗೆದು ಎದ್ದು ನಿಂತ. ಸುಬ್ರಾಯ ಕೈ ಚಾಚಿದ. ಕಣ್ಣು ಮಾತ್ರ ಗೋಡೆಯ ಗಡಿಯಾರದ ಮೇಲಿತ್ತು, ತುಟಿ ಏನೋ ಲೆಕ್ಕ ಹಾಕುತ್ತಿತ್ತು.

"ಕೂತ್ಕೋ ಜುಲ್," ಎಂದ ಬೆನೆಡಿಕ್ಟ್. "ಮೂರು ಚಹಾ ಹೇಳು."

"ಹೊರಡೋದಿಲ್ವಾ ಸರ್?"

"ಎಂಟೂವರೆ ಆಗಲಿ."

ಜುಲ್ಕಿಫ್ಲಿ ಇಬ್ಬರನ್ನೂ ನೋಡಿದ. ಬೇಡಿ ಜೇಬಿಗೆ ಸೇರಿಸಿ ಚಹಾ ಹೇಳಲು ಹೋದ. ಮೂವರೂ ಚಹಾ ಕುಡಿದರು. ಆ ರಾಹುಕಾಲ ಈ ದೇಶದ ಸೂರ್ಯನದಲ್ಲವೆಂದು ಸುಬ್ರಾಯನಿಗೆ ಬೆನೆಡಿಕ್ಟ್ ಹೇಳಲಿಲ್ಲ. 8.31ಕ್ಕೆ ಎದ್ದರು.

ಸೋಮವಾರ ಬೆಳಿಗ್ಗೆ ಅನಂತಕೃಷ್ಣ ಠಾಣೆಯ ಅಂಗಳದಲ್ಲಿ ಕಾರಿನ ಸುತ್ತ ಎರಡು ಸುತ್ತು ಬಂದರು. ಒಂದು ಗೀರೂ ಇರಲಿಲ್ಲ. ಸೀಟಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿತ್ತು, ಟ್ಯಾಂಕು ತುಂಬಿತ್ತು. "ಇವತ್ತೇ ಒಯ್ಯಬಹುದಾ?" ಎಂದು ಕೇಳಿದರು.

"ಇಲ್ಲ. ಕೇಸ್ ಮುಗಿಯುವವರೆಗೆ ಇದು ಮುದ್ದೆಮಾಲು. ಇದ್ದ ಹಾಗೇ ಇರಬೇಕು. ಬಣ್ಣ ಕೂಡ."

"ಎಷ್ಟು ದಿನ ಆಗಬಹುದು?"

"ಕೋರ್ಟು ಹೇಳಬೇಕು."

ಅವರು ಹೋದ ಮೇಲೆ ಬೆನೆಡಿಕ್ಟ್ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ತುಂಬಲು ಕುಳಿತ. ವಾಹನ: ಒಂದು. ಚಕ್ರ: ಇಪ್ಪತ್ತಾರು ಇಂಚು, ನಾಲ್ಕು. ಬಣ್ಣ: ನೀಲಿ, ಕೆಳಭಾಗ ಕಿತ್ತಳೆ. ಹೊರಗೆ ಪಾಳಿ ಮುಗಿಸಿದ ಇಬ್ಬರು ಕಾನ್‌ಸ್ಟೇಬಲ್‌ಗಳು ಕಾರಿನ ಮುಂದೆ ನಿಂತು, ಯಾರು ಮಾಡಿದ್ದಪ್ಪಾ ಇದನ್ನು ಎಂದು ಮಾತಾಡಿಕೊಳ್ಳುತ್ತಿದ್ದರು. ಮಾತು ಸುಬ್ರಾಯನಿದ್ದ ಲಾಕಪ್ಪಿನವರೆಗೆ ಕೇಳಿಸುವಷ್ಟು ಜೋರಾಗಿತ್ತು.

ಯಾರು ಮಾಡಿದ್ದು ಎನ್ನುವುದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಬಣ್ಣದ ಸಾಲಿನ ಕೊನೆಯಲ್ಲಿ, ಮೂಲೆಯಲ್ಲಿ, ಅವನು ಸಣ್ಣದಾಗಿ ಬರೆದ: ಬಳಿದವರು, ಸುಬ್ರಾಯ.